ಮೂರನೆಯ ಹಾಳೆ ಸಿಕ್ಕಿಲ್ಲ

ಡ್ರಾಯಿಂಗ್ ಟೀಚರ್ ಆಗಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸೇರಿದಾಗ ನನಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಪೆನ್ಶನ್ ಮಂಜೂರಾದ ಮೇಲೆ ಹೇಳುತ್ತಿದ್ದೇನೆ, ಆದ್ದರಿಂದ ಇಷ್ಟು ಧೈರ್ಯ.

ನಾನು ಮೂಲತಃ ಹೊಲಿಗೆ ಟೀಚರ್. ಎಪ್ಪತ್ತರ ದಶಕದ ಶುರುವಿನಲ್ಲಿ ದೇವದುರ್ಗದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಜಾಗ ಖಾಲಿ ಬಿತ್ತು. ಅಲ್ಲಿನ ಹೆಡ್ ಮಾಸ್ತರು ನನ್ನನ್ನು ಕರೆದು, "ನೀಲಮ್ಮೋರ, ಬಟ್ಟಿ ಮ್ಯಾಲ ಗೀಟು ಹಾಕ್ತೀರಿ. ಹಾಳಿ ಮ್ಯಾಲ ಹಾಕಾಕ ಏನು ಧಾಡಿ?" ಎಂದು ಕೇಳಿದರು. ಅದೇ ನನ್ನ ಸಂದರ್ಶನ. ಆಮೇಲೆ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದೆ, ಹೇಗೋ ಪಾಸಾದೆ. ನಾನು ಪಾಸಾದೆ ನಿಜ, ನನ್ನ ಕೈ ಪಾಸಾಗಲಿಲ್ಲ. ಮೊದಲ ದಿನ ಬೋರ್ಡಿನ ಮೇಲೆ ನವಿಲು ಬರೆದು, "ಇದು ಯಾವ ಪಕ್ಷಿ?" ಎಂದು ಕೇಳಿದೆ. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತು, "ಹುಂಜ ಪೊರಕಿ ಹೊತಗೊಂಡು ಹೊಂಟದ್ರಿ ಟೀಚರ್" ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ಹೊರಳಿ ನೋಡಿದೆ. ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು.

ಕೈ ಬಾರದವರಿಗೆ ಬಾಯಿ ಬೇಕು. ಬಾಯಿಗೆ ಸರಕು ಬೇಕು. ಆ ಸರಕು ನನಗೆ ಸಿಕ್ಕಿದ್ದು ರಾಯಚೂರಿನ ತೀನ್ ಕಂದೀಲ್ ಹತ್ತಿರ, ಗೌಸ್‌ಮಿಯಾನ ರದ್ದಿ ಅಂಗಡಿಯಲ್ಲಿ.

ತಿಂಗಳಿಗೊಮ್ಮೆ ರಾಯಚೂರಿಗೆ ತಂಗಿಯ ಮನೆಗೆ ಹೋಗುತ್ತಿದ್ದೆ. ಒಂದು ಸಲ ಅರ್ಧ ಸೇರು ಶೇಂಗಾ ಕಟ್ಟಿಸಿಕೊಂಡೆ. ಪೊಟ್ಟಣ ಬಿಚ್ಚಿದರೆ ಒಳಗೆ ಹೊಳೆಯುವ ಕಾಗದ, ಅದರ ಮೇಲೆ ಒಂದು ಚಿತ್ರ. ಚಿತ್ರದಲ್ಲಿ ಏನೂ ಇಲ್ಲ, ಬರೀ ನೀಲಿ. ಮೂಲೆಯಿಂದ ಮೂಲೆಯವರೆಗೆ ನೀಲಿ. ಕೆಳಗೆ ಇಂಗ್ಲಿಷಿನಲ್ಲಿ, ಇದನ್ನು ಒಪ್ಪುವವರು ಒಪ್ಪದವರು ನ್ಯೂಯಾರ್ಕಿನಲ್ಲಿ ಜಗಳಕ್ಕೆ ನಿಂತಿದ್ದಾರೆ ಎಂದಿತ್ತು. ನನಗೆ ತಲೆ ತಿರುಗಿತು. ಬರೀ ನೀಲಿ! ಇದು ನನಗೂ ಬರುತ್ತದೆ! ಶೇಂಗಾದವನನ್ನು ಕೇಳಿ ಗೌಸ್‌ಮಿಯಾನ ಅಂಗಡಿಗೆ ಓಡಿದೆ.

ಗೌಸ್‌ಮಿಯಾನಿಗೆ ಹೈದರಾಬಾದಿನಿಂದ ಲಾರಿಯಲ್ಲಿ ರದ್ದಿ ಬರುತ್ತಿತ್ತು. ದೊಡ್ಡ ಬಂಗಲೆಗಳ ರದ್ದಿ, ಆಫೀಸುಗಳ ರದ್ದಿ, ಅದರ ನಡುವೆ ವಿಲಾಯತಿ ಕಲೆಯ ಪತ್ರಿಕೆಗಳು. ಅವನು ಅವನ್ನು ಇಡಿಯಾಗಿ ಮಾರುತ್ತಿರಲಿಲ್ಲ, ಹಾಳೆ ಬಿಡಿಸಿ ಎರಡು ಗುಂಪು ಮಾಡುತ್ತಿದ್ದ.

"ಈ ಚಿಕನಾ ಕಾಗದ ಬಜ್ಜಿಯೋರು ಮುಟ್ಟಂಗಿಲ್ರಿ ಅಕ್ಕಾ" ಎಂದ. "ಎಣ್ಣಿ ಕುಡಿಯಂಗಿಲ್ಲ, ಕೈಯಾಗ ಜಾರ್ತದ. ಶೇಂಗಾದವನಿಗಿ ಹಾಕ್ತೀನಿ. ನಿಮಗ ಬೇಕಂದ್ರ ಎಲ್ಲಾ ನಿಮಗೇ ಇಡ್ತೀನಿ. ಹಿಂದಿನ ಒರಟು ಹಾಳಿ ಮಾತ್ರ ಕೇಳಬ್ಯಾಡ್ರಿ. ಅದಕ್ಕ ಮಾನ್ವಿ ತನಕ ಬಜ್ಜಿಯೋರು ಕಾಯಕತ್ತಾರ."

ಹೀಗೆ ಜಗತ್ತಿನ ಕಲೆಯ ಸುದ್ದಿ ಎರಡು ಭಾಗವಾಯಿತು. ಚಿತ್ರವಿದ್ದ ನುಣುಪು ಹಾಳೆಗಳು ನನ್ನ ಪಾಲಿಗೆ. ವಾದ, ಪ್ರತಿವಾದ, ಜಗಳದ ಕೊನೆ ಎಲ್ಲ ಇರುತ್ತಿದ್ದ ಹಿಂಬದಿಯ ಒರಟು ಹಾಳೆಗಳು ಬಜ್ಜಿಯ ಪಾಲಿಗೆ. ಈ ಏರ್ಪಾಡಿನ ಪರಿಣಾಮ ಏನಾಗಬಹುದೆಂದು ನನಗಾಗ ಹೊಳೆಯಲಿಲ್ಲ. ಮಡಿಲ ತುಂಬ ಹಾಳೆ ಹೊತ್ತು ದೇವದುರ್ಗದ ಬಸ್ಸು ಹತ್ತಿದೆ. ಡಿಕ್ಷನರಿ ಇಟ್ಟುಕೊಂಡು ಒಂದೊಂದು ಸಾಲು ಬಿಡಿಸಿದೆ. ಪ್ಯಾರಿಸ್ಸಿನಲ್ಲಿ ಯಾರು ಯಾರನ್ನು ಬೈದರು, ವೆನಿಸ್ಸಿನಲ್ಲಿ ಯಾರಿಗೆ ಬಹುಮಾನ ಬಂತು, ಯಾರಿಗೆ ಹೊಟ್ಟೆ ಉರಿಯಿತು ಎಲ್ಲ ನನಗೆ ಬಾಯಿಪಾಠ. ದೇವದುರ್ಗದ ಅಗಸೆ ಬಾಗಿಲ ಹತ್ತಿರ ನಿಂತು ನ್ಯೂಯಾರ್ಕಿನ ಗ್ಯಾಲರಿಯೊಂದರ ಬಗ್ಗೆ ಸಿಟ್ಟು ಮಾಡಿಕೊಳ್ಳುವ ಹೆಂಗಸು ಆ ಕಾಲಕ್ಕೆ ನಾನೊಬ್ಬಳೇ ಇದ್ದೆ. ಎಂಥ ಸುಖ ಅಂತೀರಿ!

ಮೊದಲ ಎಡವಟ್ಟು ಬೇಗನೆ ಆಯಿತು. ಫ್ರಾನ್ಸಿನಲ್ಲಿದ್ದ ಒಬ್ಬ ಮುದುಕ ಚಿತ್ರಕಾರ, ಜಗತ್ತಿಗೇ ಗೊತ್ತಿದ್ದವ, ತೀರಿಕೊಂಡ ಸುದ್ದಿ ಒಂದು ಹಾಳೆಯಲ್ಲಿ ಬಂತು. ನಾನು ಅತ್ತೆ. ನಿಜವಾಗಿ ಅತ್ತೆ. ಹೆಡ್ ಮಾಸ್ತರನ್ನು ಕಾಡಿ ಬೇಡಿ ಶೋಕಸಭೆ ಮಾಡಿಸಿ, ಮಧ್ಯಾಹ್ನದ ಮೇಲೆ ಶಾಲೆಗೆ ಸೂಟಿ ಕೊಡಿಸಿದೆ. ಹುಡುಗಿಯರು ಅಷ್ಟು ಖುಷಿಯಿಂದ ಶೋಕ ಆಚರಿಸಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಎರಡು ತಿಂಗಳ ಮೇಲೆ ಗೌಸ್‌ಮಿಯಾ ಕೊಟ್ಟ ಹೊಸ ಕಟ್ಟಿನಲ್ಲಿ ಅದೇ ಮುದುಕ ಪಟ್ಟೆ ಅಂಗಿ ಹಾಕಿಕೊಂಡು ನಗುತ್ತ ಕೂತಿದ್ದಾನೆ, ಬರುವ ವರ್ಷ ದೊಡ್ಡ ಪ್ರದರ್ಶನ ಮಾಡುತ್ತೇನೆ ಎನ್ನುತ್ತಿದ್ದಾನೆ. ರದ್ದಿಗೆ ಹಿಂದು ಮುಂದು ಇರುವುದಿಲ್ಲ. ಹಳೆಯ ಸಂಚಿಕೆ ಆಮೇಲೆ ಬಂದಿತ್ತು, ಅಷ್ಟೇ. ಆದರೆ ನನಗೆ ಖುಷಿ ತಡೆಯಲಾಗಲಿಲ್ಲ. ಸ್ಟಾಫ್ ರೂಮಿಗೆ ನುಗ್ಗಿ, "ಬದುಕ್ಯಾನ್ರಿ! ಮುದುಕ ಬದುಕ್ಯಾನ!" ಎಂದು ಕೂಗಿದೆ.

ಹೆಡ್ ಮಾಸ್ತರು ತಣ್ಣಗೆ ಹೇಳಿದರು: "ಹಂಗಾದ್ರ ಆ ಅರ್ಧ ದಿನದ ಸೂಟಿ ಶನಿವಾರ ತುಂಬಿಸಿಕೊಡ್ರಿ."

ತುಂಬಿಸಿಕೊಟ್ಟೆ. ಹುಡುಗಿಯರು ಮುಂದೆ ನಾನು ಯಾರ ಸಾವಿನ ಸುದ್ದಿ ತಂದರೂ, "ಖರೇನ ಸತ್ತಾರೇನ್ರಿ ಟೀಚರ್?" ಎಂದು ಕೇಳಿಯೇ ಮುಖ ಸಪ್ಪಗೆ ಮಾಡುತ್ತಿದ್ದರು.

ಅಲ್ಲಿಂದ ಮಾನ್ವಿಯ ಹೆಣ್ಣುಮಕ್ಕಳ ಪ್ರೌಢಶಾಲೆಗೆ ವರ್ಗವಾಯಿತು. ನನ್ನ ಕೆಲಸದ ಅಸಲಿ ಕಥೆ ಶುರುವಾಗುವುದು ಅಲ್ಲಿ, ಯಾಕೆಂದರೆ ಅಲ್ಲಿ ಖಾಜಾಹುಸೇನ ಇದ್ದ.

ಖಾಜಾಹುಸೇನ ಬೋರ್ಡು ಬರೆಯುವ ಪೇಂಟರ್. ಮಾನ್ವಿಯ ಸೈಕಲ್ ಅಂಗಡಿ, ಗೊಬ್ಬರದ ಅಂಗಡಿ, ದವಾಖಾನೆ ಎಲ್ಲದರ ಹೆಸರು ಅವನ ಕೈಯದು. ಕನ್ನಡ, ಉರ್ದು, ತೆಲುಗು, ಇಂಗ್ಲಿಷು ನಾಲ್ಕೂ ಬರೆಯುತ್ತಿದ್ದ. ಓದಲು ಬರುತ್ತಿದ್ದುದು ಉರ್ದು ಮಾತ್ರ, ಉಳಿದದ್ದೆಲ್ಲ ಆಕಾರ ನೋಡಿ. ಶಾಲೆಯ ಗೋಡೆಗೆ ಹೆಸರು ಬರೆಯಲು ಬಂದವನು, ನಾನು ಬೋರ್ಡಿನ ಮೇಲೆ ಗಡಿಗೆ ಬರೆಯುವುದನ್ನು ಕಿಟಕಿಯಿಂದ ನೋಡಿದ. ಬೆಲ್ಲು ಹೊಡೆದ ಮೇಲೆ ಬಾಗಿಲಿಗೆ ಬಂದು ನಿಂತ.

"ಟೀಚರಮ್ಮಾ, ಸಿಟ್ಟಾಗಬ್ಯಾಡ್ರಿ. ಆ ಗಡಿಗ್ಯಾಗ ನೀರು ನಿಂದರಂಗಿಲ್ಲ."

ನನಗೆ ಸಿಟ್ಟು ಬಂತು. ಮರುದಿನ ಸಂಜೆ ಅವನ ಅಂಗಡಿಗೆ ಹೋಗಿ, ನೀರು ನಿಲ್ಲುವ ಗಡಿಗೆ ಬರೆಯುವುದು ಹೇಗೆಂದು ಕೇಳಿದೆ. ಅವನು ಕಲಿಸಿದ. ದಾರಕ್ಕೆ ಸುಣ್ಣ ಸವರಿ ಗೋಡೆಗೆ ಬಡಿದು ಗೀಟು ಮೂಡಿಸುವುದು, ಉಸಿರು ಬಿಗಿಹಿಡಿದು ಭುಜದಿಂದ ಕೈ ತಿರುಗಿಸುವುದು, ಮೊದಲು ನೋಡುವುದು, ಆಮೇಲೂ ನೋಡುವುದು, ಕಡೆಗೆ ಕೈ ಎತ್ತುವುದು. ನನ್ನ ವಯಸ್ಸು ಆಗ ನಲವತ್ತು ದಾಟಿತ್ತು. ಅವನ ಹೆಂಡತಿ ಬಾನುಬಿ ಚಹಾ ಕೊಡುತ್ತ, ಸರಕಾರ ಟೀಚರಿಗೆ ಸಂಬಳ ಕೊಡುತ್ತದೆ, ಪಾಠ ಮಾತ್ರ ನನ್ನ ಗಂಡನಿಂದ ಮಾಡಿಸಿಕೊಳ್ಳುತ್ತಾರೆ ಎಂದು ಎಲ್ಲರ ಮುಂದೆ ನಗಾಡುತ್ತಿದ್ದಳು.

ಗುರುದಕ್ಷಿಣೆಯಾಗಿ ನಾನು ಅವನಿಗೆ ಜಗತ್ತಿನ ಸುದ್ದಿ ಓದಿ ಹೇಳುತ್ತಿದ್ದೆ. ಎಂಥ ಚರ್ಚೆ ಮಾಡಿದೆವು! ಲಂಡನ್ನಿನ ಒಂದು ದೊಡ್ಡ ಮ್ಯೂಸಿಯಂ ನೆಲದ ಮೇಲೆ ಜೋಡಿಸಿದ ಇಟ್ಟಿಗೆ ಸಾಲನ್ನು ಕಲೆ ಎಂದು ಕೊಂಡು, ಊರೆಲ್ಲ ಗುಲ್ಲೆದ್ದ ಸುದ್ದಿ ಬಂದ ದಿನ ಖಾಜಾಹುಸೇನ ಕುಂಚವನ್ನು ಡಬ್ಬಿಗೆ ಎಸೆದ.

"ಇಟ್ಟಂಗಿ? ಸುಟ್ಟಿದ್ದೋ, ಹಸೀದೋ?"

"ಸುಟ್ಟಿದ್ದು."

"ಗಾರಿ ಹಾಕ್ಯಾರ?"

"ಇಲ್ಲ, ಬರೀ ಇಟ್ಟಾರ."

"ಗಾರಿ ಸುದಾ ಇಲ್ಲ!" ಅವನಿಗೆ ಆ ರಾತ್ರಿ ಊಟ ಸೇರಲಿಲ್ಲವಂತೆ. ಎರಡು ದಿನ ಬಿಟ್ಟು ಅವನೇ ಬಂದು, "ಟೀಚರಮ್ಮಾ, ನಾ ಇವತ್ತ ಕಲ್ಲೂರು ರಸ್ತ್ಯಾಗ ಇಟ್ಟಂಗಿ ಭಟ್ಟಿ ನೋಡಿದೆ. ಹದಿನೈದು ನಿಮಿಷ ನಿಂತೆ. ಮೊದಲ ಎಂದೂ ನಿಂತಿದ್ದಿಲ್ಲ. ಆ ಲಂಡನ್ ಮನಿಶ್ಯಾ ಭಾಳ ಹುಷಾರದಾನ" ಎಂದ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಬಾನುಬಿಯನ್ನು ಅಪ್ಪಿಕೊಂಡೆ.

ಅವನಿಗೆ ಇನ್ನೊಂದು ವಿದ್ಯೆ ಇತ್ತು. ನಾನು ತಂದ ಹಾಳೆಗಳು ಕಲಸಿಹೋಗಿದ್ದರೆ ಅಕ್ಷರದ ಮೈಕಟ್ಟು ನೋಡಿ, "ಇವೆರಡೂ ಒಂದೇ ತಾಯಿ ಮಕ್ಕಳು, ಇದು ಬ್ಯಾರೆ ಮನಿದು" ಎಂದು ಬೇರ್ಪಡಿಸುತ್ತಿದ್ದ. ಒಂದಕ್ಷರ ಓದದೆ, ಯಾವ ಹಾಳೆ ಯಾವ ಪತ್ರಿಕೆಯದೆಂದು ಹೇಳುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ.

ಹೀಗೆ ಸುಖವಾಗಿದ್ದಾಗ ಕುತ್ತಿಗೆಗೆ ಬಂತು. ನಮ್ಮ ಹೆಡ್ ಮಿಸ್ಟ್ರೆಸ್ ಸರೋಜಾಬಾಯಿಯವರು ಒಳ್ಳೆಯವರು, ಆದರೆ ನಮ್ಮ ಹುಡುಗಿಯರು ಪ್ರತಿ ವರ್ಷ ಗಣಿತದಲ್ಲಿ ರಾಶಿ ರಾಶಿಯಾಗಿ ನಪಾಸಾಗುತ್ತಿದ್ದರು. ಡ್ರಾಯಿಂಗ್ ಹುದ್ದೆ ತೆಗೆದು ಅದೇ ಜಾಗಕ್ಕೆ ಗಣಿತದ ಟೀಚರ್ ಕೊಡಿ ಎಂದು ಅವರು ಮೇಲಿನವರಿಗೆ ಬರೆದರು. ನನ್ನ ಮುಂದೆಯೇ ಬರೆದರು, ಮುಚ್ಚುಮರೆ ಮಾಡಲಿಲ್ಲ. "ನೀಲಮ್ಮಾ, ನಿನ್ನ ಮ್ಯಾಲ ನನಗ ಯಾವ ಸಿಟ್ಟೂ ಇಲ್ಲ. ನೀ ಎಲ್ಲ್ಯಾರ ಹೊಲಿಗಿ ಕಲಸ್ತಿ. ಇವರು ನಪಾಸಾದ್ರ ಮನ್ಯಾಗ ಕೂಡಸ್ತಾರ" ಎಂದರು. ಅದರಲ್ಲಿ ಸುಳ್ಳು ಇರಲಿಲ್ಲ. ಆದರೆ ನನಗೆ ಎದೆ ಒಡೆಯಿತು. ಬಾಳಿನ ಅರ್ಧ ಕಳೆದ ಮೇಲೆ ನೋಡಲು ಕಲಿತಿದ್ದೆ. ಮತ್ತೆ ಹೊಲಿಗೆ ಮಿಷನ್ ಮುಂದೆ ಕೂತು ಗುಂಡಿಯ ಕಾಜಾ ಹಾಕುವುದು ನನ್ನಿಂದಾಗದು.

ಹುದ್ದೆ ಇರಬೇಕೋ ಬೇಡವೋ ನೋಡಲು ಎರಡು ತಿಂಗಳಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ ಎಂದಾಯಿತು. ಇವರನ್ನು ಜಿಲ್ಲೆಯ ಮಾಸ್ತರರೆಲ್ಲ ಬೆನ್ನ ಹಿಂದೆ ಕಾಗದದ ಸಾಹೇಬರು ಎನ್ನುತ್ತಿದ್ದರು. ಪುಟದ ನಂಬರು ಇಲ್ಲದ ಫೈಲು ಮುಟ್ಟುತ್ತಿರಲಿಲ್ಲ. ಒಂದು ಹಾಳೆ ಕಮ್ಮಿ ಇದ್ದರೆ ಸಹಿ ಹಾಕುತ್ತಿರಲಿಲ್ಲ. ಅವರು ನಕ್ಕಿದ್ದನ್ನು ಕಂಡವರಿರಲಿಲ್ಲ.

ಆ ವಾರವೇ ಗೌಸ್‌ಮಿಯಾನ ಕಟ್ಟಿನಲ್ಲಿ ಆ ಹಾಳೆ ಬಂತು. ಒಂದು ಬದಿಗೆ ಆ ಇಟ್ಟಿಗೆ ಸಾಲಿನ ಬಣ್ಣದ ಚಿತ್ರ, ಇನ್ನೊಂದು ಬದಿಗೆ ಲೇಖನ. ಕೈಯಿಂದ ಬರೆಯುವ ಕಾಲ ಮುಗಿಯಿತು, ಕಲಾವಿದ ಏನನ್ನೂ ಮಾಡಬೇಕಾಗಿಲ್ಲ, ಒಂದು ವಸ್ತುವನ್ನು ಆರಿಸಿ ಇಟ್ಟರೆ ಸಾಕು, ಆರಿಸುವುದೇ ಕಲೆ ಎಂದು ಅದರಲ್ಲಿ ಇತ್ತು. ಓದುತ್ತ ಓದುತ್ತ ನಾನು ಕುಣಿದಾಡಿಬಿಟ್ಟೆ. ಪೊರಕೆ ಹೊತ್ತ ಹುಂಜ ಬರೆದವಳಿಗೆ ಇದಕ್ಕಿಂತ ಸಿಹಿ ಸುದ್ದಿ ಯಾವುದು? ಲೇಖನದ ಕೆಳಗೆ, ಉಳಿದದ್ದು 93ನೇ ಪುಟದಲ್ಲಿ ಎಂದು ಸಣ್ಣಗೆ ಇತ್ತು. ಉಳಿದದ್ದು ಇನ್ನೇನಿರುತ್ತದೆ, ಇದನ್ನೇ ಇನ್ನಷ್ಟು ಎಳೆದಿರುತ್ತಾರೆ ಎಂದುಕೊಂಡೆ. ಮಕ್ಕಳೇ, ನನ್ನ ಸರ್ವಿಸಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ಖಾಜಾಹುಸೇನ ಒಪ್ಪಲಿಲ್ಲ. "ಟೀಚರಮ್ಮಾ, ಉಳಿದ ಹಾಳಿ ಸಿಗೋತನಕ ತಡೀರಿ. ಅರ್ಧ ಬೋರ್ಡು ನೋಡಿ ಅಂಗಡಿಗಿ ಹೋಗಬಾರದು" ಎಂದ. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಎರಡು ತಿಂಗಳು ಪೆನ್ಸಿಲು ರಬ್ಬರು ಒಳಗಿಡಿಸಿದೆ. ಎಂಟನೇ ಇಯತ್ತೆಯ ಹುಡುಗಿಯರಿಗೆ ಹೇಳಿದೆ, "ಬರಿಯೋದು ಬ್ಯಾಡ. ಮನಿಂದ ಒಂದು ಸಾಮಾನು ಆರಿಸ್ಕೊಂಡು ಬರ್ರಿ. ಯಾಕ ಆರಿಸಿದ್ರಿ ಅಂತ ಹೇಳಾಕ ಬರಬೇಕು."

ತಪಾಸಣೆಯ ದಿನ ಡ್ರಾಯಿಂಗ್ ಕೋಣೆಯಲ್ಲಿ ಗಡಿಗೆ ಇಲ್ಲ, ಗಿಳಿ ಇಲ್ಲ, ಮಾವಿನ ಎಲೆ ಇಲ್ಲ. ಒಂದು ಕಡೆ ಬೆರಳಿನ ಗುರುತು ಮೂಡಿದ ಐದು ಸೆಗಣಿ ಕುಳ್ಳು. ಒಂದು ಕಡೆ ಸವೆದ ಕುಡಗೋಲು. ಒಬ್ಬಳು ಅವರಜ್ಜಿಯ ಕನ್ನಡಕ ತಂದಿದ್ದಳು, ಅಜ್ಜಿ ಅದಿಲ್ಲದೆ ಕಣ್ಣು ಕಾಣುವುದಿಲ್ಲವೆಂದು ಶಾಲೆಯ ಗೇಟಿನ ಹತ್ತಿರ ಬಂದು ಕೂತಿದ್ದಳು. ಬಾಗಿಲ ಪಕ್ಕದ ಗೋಡೆಗೆ ನಾನು ಆ ವಿಲಾಯತಿ ಹಾಳೆಯನ್ನು ಅಂಟಿಸಿ, ಕೆಳಗೆ ಕನ್ನಡದಲ್ಲಿ ಅರ್ಥ ಬರೆದಿದ್ದೆ. ಅದು ನನ್ನ ಸಾಕ್ಷಿ.

ಸಾಹೇಬರು ಬಂದರು. ಬೆನ್ನ ಹಿಂದೆ ಸರೋಜಾಬಾಯಿ. ಕೋಣೆಯನ್ನೊಮ್ಮೆ ನೋಡಿ, "ಚಿತ್ರ ಎಲ್ಲಿ?" ಎಂದರು. ನಾನು ಹಾಳೆ ತೋರಿಸಿದೆ. ಕಾಗದ ಕಂಡರೆ ಬಿಡುವವರಲ್ಲ, ಮೊದಲಿನಿಂದ ಕೊನೆಯವರೆಗೆ ಓದಿದರು. ಕೊನೆಯ ಸಣ್ಣ ಸಾಲಿನ ಮೇಲೆ ಬೆರಳಿಟ್ಟು, "ತೊಂಬತ್ಮೂರನೇ ಪುಟ?" ಎಂದರು.

"ಅದು ಸಿಕ್ಕಿಲ್ರಿ ಸರ್."

"ಹ್ಞೂಂ" ಎಂದರು.

ಕುಳ್ಳು ನೋಡಿದರು, ಕುಡಗೋಲು ನೋಡಿದರು, ಮುಂದೆ ನಡೆದರು. ಕೊನೆಯಲ್ಲಿ ದೇವಮ್ಮ ನಿಂತಿದ್ದಳು. ಕಲ್ಲೂರಿನ ಕುರಿಗಾರರ ಮನೆಯ ಹುಡುಗಿ, ಮಾನ್ವಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ವರ್ಷವಿಡೀ ಬಾಯಿ ಬಿಟ್ಟವಳಲ್ಲ. ಅವಳ ಮುಂದೆ ಒಂದು ಕರಿಯ ಕಂಬಳಿ ಹಾಸಿತ್ತು.

"ಇದನ್ನ ನೀ ಮಾಡಿದೇನವಾ?" ಸಾಹೇಬರು ಕೇಳಿದರು.

"ಇಲ್ರಿ. ನಮ್ಮ ಮುತ್ಯಾ ನೇಯ್ದಾನ. ನಾ ಆರಿಸೀನ್ರಿ."

"ಬರೀ ಕರೀ ಕಂಬಳಿ. ಇದ್ರಾಗ ಆರಿಸೋದೇನದ?"

ದೇವಮ್ಮ ನನ್ನ ಕಡೆ ನೋಡಿದಳು. ಆಮೇಲೆ ಸಾಹೇಬರ ಕಡೆ ನೋಡಿದಳು. "ಬರೀ ಕರೀದು ಅಲ್ರಿ ಸರ್. ನಾಕು ಕರಿ ಅದಾವು. ಕುಂದರ್ರಿ, ನಿಂತ್ರ ಕಾಣಂಗಿಲ್ಲ."

ಕಾಗದದ ಸಾಹೇಬರು ಪ್ಯಾಂಟಿನ ಮಂಡಿ ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತರು. ಅವಳು ಬೆರಳು ಆಡಿಸುತ್ತ ಹೇಳಿದಳು: "ಇದು ಮರಿ ಕರಿ, ಎಳೇದು, ಹೊಳೀತದ. ಇದು ತಾಯಿ ಕುರಿದು. ಇದು ಬ್ಯಾಸಗ್ಯಾಗ ಚೀಕಲಪರ್ವಿ ಹೊಳಿ ದಂಡಿಗಿ ಮೇಯಾಕ ಬಿಟ್ಟಿದ್ದು, ಬಿಸಲಿಗೆ ಕೆಂಪಗಾಗ್ಯಾದ. ಇದು ಮುದಿ ಕುರಿದ್ರಿ, ಒಳಗ ಬೂದಿ ಬಣ್ಣ ಅದ. ಮುತ್ಯಾಗ ಕಣ್ಣ ಕಾಣಂಗಿಲ್ರಿ ಈಗ. ಮುಟ್ಟಿ ನೇಯ್ದಾನ, ಬಣ್ಣ ನಾ ಆರಿಸಿ ಕೊಟ್ಟೀನಿ."

ನಾನು ಆ ಕಂಬಳಿಯನ್ನು ಬೆಳಿಗ್ಗೆಯಿಂದ ನೋಡಿದ್ದೆ, ಒಂದೇ ಕರಿ ಕಂಡಿದ್ದೆ. ಈಗ ನಾಲ್ಕೂ ಕಂಡವು. ಸಾಹೇಬರು ಮುಖವನ್ನು ಇನ್ನಷ್ಟು ಹತ್ತಿರ ಒಯ್ದು, "ಹೌದಲ್ಲ!" ಎಂದರು. ನನಗೆ ಹಾರಿಬಿಡುವಷ್ಟು ಖುಷಿಯಾಯಿತು. ಹುದ್ದೆ ಉಳಿಯಿತು, ಗೆದ್ದೆ ಎಂದುಕೊಂಡೆ.

ಆಗಲೇ ಚಹಾ ಬಂತು. ಜೊತೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ತಾಯಮ್ಮನ ಅಂಗಡಿಯಿಂದ ಬಿಸಿ ಮೆಣಸಿನಕಾಯಿ ಬಜ್ಜಿ. ಸರೋಜಾಬಾಯಿ ಪೊಟ್ಟಣ ಬಿಚ್ಚಿ, ಬಜ್ಜಿಯನ್ನು ತಟ್ಟೆಗೆ ಸುರಿದು, ಕಾಗದವನ್ನು ಮೇಜಿನ ಮೇಲೆ ಬಿಟ್ಟರು. ಸಾಹೇಬರು ಒಂದು ಬಜ್ಜಿ ಎತ್ತಿಕೊಂಡರು. ಕಣ್ಣು ಅಭ್ಯಾಸಬಲದಿಂದ ಕಾಗದದ ಮೂಲೆಗೆ ಹೋಯಿತು. ಬಜ್ಜಿ ಬಾಯಿಯ ಹತ್ತಿರವೇ ನಿಂತಿತು.

"ತೊಂಬತ್ಮೂರು" ಎಂದರು.

ಒರಟು ಕಾಗದ. ಎಣ್ಣೆ ಕುಡಿದು ಕನ್ನಡಿಯ ಹಾಗೆ ಆಗಿತ್ತು, ಆದರೆ ಅಕ್ಷರ ಸ್ಪಷ್ಟವಿತ್ತು. ನನ್ನ ಪಾಲು ನನ್ನ ಗೋಡೆಯ ಮೇಲೆ, ಬಜ್ಜಿಯ ಪಾಲು ಮೇಜಿನ ಮೇಲೆ. ಗೌಸ್‌ಮಿಯಾ ಒಂದೇ ಪತ್ರಿಕೆಯ ಎರಡು ಪಾಲನ್ನೂ ಮಾನ್ವಿಗೇ ಕಳಿಸಿದ್ದ! ಸಾಹೇಬರು ಕನ್ನಡಕ ಒರೆಸಿಕೊಂಡು, ಇಂಗ್ಲಿಷು ಓದಿ ಕನ್ನಡದಲ್ಲಿ ಹೇಳತೊಡಗಿದರು: "ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ನನ್ನ ವಿರೋಧಿಗಳ ವಾದ. ಅದು ಎಂಥ ಮೂರ್ಖತನ ಅಂತ ಈಗ ತೋರಿಸ್ತೀನಿ."

"ಸಾಕ್ರಿ ಸರ್" ಎಂದೆ. ಅವರು ಬಿಡಲಿಲ್ಲ, ಒಂದು ಬದಿ ಪೂರ್ತಿ ಓದಿದರು. ಕೈ ಪಳಗದೆ ಕಣ್ಣು ಪಳಗುವುದಿಲ್ಲ, ಗೀಟು ಎಳೆಯಲು ಬಾರದವರು ಹುಡುಕಿದ ನೆಪ ಇದು ಎಂದು ಲೇಖಕ ಬೈದಿದ್ದ. ಲಂಡನ್ನಿನಲ್ಲಿ ಕೂತು ಮಾನ್ವಿಯ ನೀಲಮ್ಮನನ್ನು ಹೆಸರು ಹಿಡಿದು ಬೈದ ಹಾಗಿತ್ತು. ಸರೋಜಾಬಾಯಿ ನನ್ನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದರು. ದೇವಮ್ಮ ಕಂಬಳಿ ಮಡಚತೊಡಗಿದಳು. ಅದನ್ನು ಕಂಡು ನನಗೆ ಅಳು ಬಂತು.

ಸಾಹೇಬರು ಹಾಳೆ ಹೊರಳಿಸಿ ಆ ಬದಿಯನ್ನೂ ಓದಿದರು. ಕೆಳಗಿನ ಸಾಲಿಗೆ ಬಂದಾಗ ದನಿ ನಿಧಾನವಾಯಿತು. "ಇಷ್ಟೆಲ್ಲ ಹೇಳಿದ ಮ್ಯಾಲೂ, ನನ್ನ ವಿರೋಧಿಗಳ ಮಾತಿನಾಗ ಒಂದು ದೊಡ್ಡ ಸತ್ಯ ಅದ ಅಂತ ಒಪ್ಪಬೇಕಾಗ್ತದ. ಅದೇನಂದ್ರ..."

ನಿಲ್ಲಿಸಿದರು.

"ಅದೇನಂದ್ರ?" ಎಂದು ಸರೋಜಾಬಾಯಿ ತಡೆಯಲಾರದೆ ಕೇಳಿದರು.

"ಹಾಳಿ ಮುಗೀತು" ಎಂದರು ಸಾಹೇಬರು. "ಮುಂದಿನ ಹಾಳಿ ಎಲ್ಲಿ?"

ಜವಾನ ಓಡಿದ. ತಾಯಮ್ಮ ಕಡಾಯಿ ಇಳಿಸಿ ಅವಳೇ ಬಂದುಬಿಟ್ಟಳು, ಸೆರಗಿಗೆ ಕೈ ಒರೆಸುತ್ತ. "ಯಪ್ಪಾ, ಇದ್ರ ಜೋಡಿ ಹಾಳ್ಯಾಗ ಈಗಷ್ಟ ಯಾರಿಗೋ ಕಟ್ಟಿಕೊಟ್ಟೆ. ಮುಖ ನೋಡಿಲ್ಲ. ಬಜ್ಜಿ ತಿಂದವರು ಕಾಗದ ಕಾಯ್ತಾರೇನ್ರಿ?"

ಸಾಹೇಬರು ಎಣ್ಣೆ ಹಾಳೆಯನ್ನು ಮತ್ತೊಮ್ಮೆ ಎರಡೂ ಬದಿ ಹೊರಳಿಸಿ ನೋಡಿದರು. ಬಜ್ಜಿ ತಣ್ಣಗಾಯಿತು. ಆಮೇಲೆ ತಪಾಸಣೆ ಪುಸ್ತಕ ಎಳೆದುಕೊಂಡು, "ಸರೋಜಾಬಾಯಿಯವರ, ಹುದ್ದಿ ರದ್ದು ಮಾಡ್ರಿ ಅಂತ ಬರಿಯಾಕ ಬಂದಿದ್ದೆ. ಆದ್ರ ಅರ್ಧ ಕಾಗದದ ಮ್ಯಾಲ ನಾ ಎಂದೂ ಸಹಿ ಹಾಕಿದವನಲ್ಲ. ಗಣಿತಕ್ಕ ಬ್ಯಾರೆ ಹುದ್ದಿ ಕೇಳಿ ಬರೀರಿ, ನಾ ಶಿಫಾರಸು ಹಾಕ್ತೀನಿ" ಎಂದು ಹೇಳಿ ಮೂರು ಸಾಲು ಬರೆದರು. ಆ ಸಾಲು ನನಗೆ ಇಂದಿಗೂ ಬಾಯಿಪಾಠ: "ಡ್ರಾಯಿಂಗ್ ಹುದ್ದೆಯ ಅಗತ್ಯದ ಕುರಿತ ದಾಖಲೆ ಅಪೂರ್ಣವಾಗಿದೆ. ಮೂರನೆಯ ಹಾಳೆ ದೊರೆತ ನಂತರ ತೀರ್ಮಾನಿಸಲಾಗುವುದು. ಅಲ್ಲಿಯವರೆಗೆ ಹುದ್ದೆ ಮುಂದುವರಿಯತಕ್ಕದ್ದು."

ಎಣ್ಣೆ ಹಾಳೆಗೆ ಪುಟಸಂಖ್ಯೆ ಹಾಕಿ ಫೈಲಿಗೆ ಸೇರಿಸಿದರು. ಹೋಗುವಾಗ ದೇವಮ್ಮನ ಕಂಬಳಿಯ ಹತ್ತಿರ ಮತ್ತೊಮ್ಮೆ ನಿಂತು, "ಆ ಕೆಂಪಗಾದ ಕರಿ ಯಾವುದವಾ?" ಎಂದು ಕೇಳಿ, ನೋಡಿ, ನಕ್ಕರು. ಆ ನಗು ಕಂಡವರು ನಾವು ನಾಲ್ಕೈದು ಜನ. ಹೊರಗೆ ಹೇಳಿದರೆ ಯಾರೂ ನಂಬಲಿಲ್ಲ.

ಮುಂದೆ ಪ್ರತಿ ಏಪ್ರಿಲಿಗೆ ಕಚೇರಿಯಿಂದ ಒಂದು ಕಾಗದ ಬರತೊಡಗಿತು: ಸದರಿ ಮೂರನೆಯ ಹಾಳೆ ದೊರೆತಿದೆಯೇ? ನಾನು ಉತ್ತರ ಬರೆಯುತ್ತಿದ್ದೆ: ಶೋಧ ನಡೆದಿದೆ. ಸುಳ್ಳು ಬರೆಯಲಿಲ್ಲ. ನಿಜವಾಗಿಯೂ ಹುಡುಕುತ್ತಿದ್ದೆ. ಮಾನ್ವಿ, ದೇವದುರ್ಗ, ರಾಯಚೂರು ಮೂರೂ ಊರಿನ ಬಜ್ಜಿ, ಜಿಲೇಬಿ, ಚುರಮುರಿ ಎಲ್ಲ ತಿಂದೆ. ಪೊಟ್ಟಣ ಮೊದಲು ಓದಿ ಆಮೇಲೆ ತಿನ್ನುವ ನನ್ನ ಚಟ ಹುಡುಗಿಯರಿಗೂ ಹತ್ತಿತು. ಸಾಹೇಬರು ವರ್ಗವಾಗಿ ಹೋದರು, ಬೇರೆಯವರು ಬಂದರು, ಫೈಲು ಮುಚ್ಚಲಿಲ್ಲ, ಕಾಗದ ನಿಲ್ಲಲಿಲ್ಲ. ಗಣಿತದ ಟೀಚರೂ ಬಂದರು. ನಾನು ಬೈಸಿಕೊಂಡ ಆ ಎರಡನೆಯ ಹಾಳೆಗೆ ಹೆದರಿ ಹುಡುಗಿಯರ ಕೈಗೆ ಮತ್ತೆ ಪೆನ್ಸಿಲು ಕೊಟ್ಟೆ. ಮೊದಲ ಹಾಳೆಯನ್ನೂ ಬಿಡಲಿಲ್ಲ. ತಿಂಗಳಿಗೊಮ್ಮೆ ಮನೆಯಿಂದ ಒಂದು ಸಾಮಾನು ಆರಿಸಿ ತರಬೇಕು, ಮೊದಲು ನೋಡಬೇಕು, ಆಮೇಲೆ ಬರೆಯಬೇಕು. ಇದೇ ನನ್ನ ಪಾಠಕ್ರಮ. ನಿಮಗೆ ಬೇಕಾದರೆ ತೆಗೆದುಕೊಳ್ಳಿ.

ಎಂಬತ್ತರ ದಶಕದ ಕೊನೆಗೆ ನಿವೃತ್ತಳಾದೆ. ಆ ದಿನ ಹಾರ ತುರಾಯಿ ಮುಗಿದ ಮೇಲೆ ಖಾಜಾಹುಸೇನ ಬಂದ. ಕೈ ನಡುಗುವ ವಯಸ್ಸು, ಕುಂಚ ಹಿಡಿದರೆ ಮಾತ್ರ ನಡುಗುತ್ತಿರಲಿಲ್ಲ. ನನ್ನ ಕೈಗೆ ನಾಲ್ಕು ಮಡಿಕೆಯ ಒಂದು ಕಾಗದ ಇಟ್ಟ. ಒರಟು ಕಾಗದ, ಎಣ್ಣೆಯ ಕಲೆ.

"ಇದು ಅದೇ ಮನಿ ಅಕ್ಷರ" ಎಂದ. "ಸಾಹೇಬ್ರು ಬಂದು ಹೋದ ದಿನಾನ ಸಿಕ್ಕದ. ಆ ಬಜ್ಜಿ ತಿಂದವ ನಾನೇ."

ಇಷ್ಟು ವರ್ಷ! ಸಂಜೆ ಸಂಜೆಗೆ ಅವನ ಅಂಗಡಿಯಲ್ಲೇ ಕೂತು, ಮೂರನೆಯ ಹಾಳೆಯಲ್ಲಿ ಏನಿರಬಹುದೆಂದು ಅವನ ಜೊತೆಗೇ ವಾದ ಮಾಡಿದ್ದೆ. "ಯಾಕ ಕೊಡಲಿಲ್ಲ?" ಎಂದೆ.

"ನೀವು ಸಚ್ಚಾ ಮನಿಶ್ಯಾರ ಟೀಚರಮ್ಮಾ. ಕೊಟ್ಟಿದ್ರ ಅವತ್ತೇ ಆಫೀಸಿಗಿ ಟಪಾಲು ಹಾಕ್ತಿದ್ರಿ. ಫೈಲು ಮುಚ್ತಿತ್ತು. ನಿಮ್ಮನ್ನ ಹೊಲಿಗಿ ಮಿಷನ್ನಿಗಿ ಕಳಸ್ತಿದ್ರು." ಆಮೇಲೆ ತಾನೇ ಕೇಳಿದ: "ನನಗ ದುನಿಯಾದ ಖಬರು ಯಾರು ಓದಿ ಹೇಳ್ತಿದ್ರು?"

ಇಬ್ಬರೂ ಅತ್ತೆವು, ಆಮೇಲೆ ನಕ್ಕೆವು. ಬಾನುಬಿ ಬಂದು ಏನಾಯಿತೆಂದು ಕೇಳಿದಾಗ ಮತ್ತೆ ನಗು ಬಂತು.

ಈಗ ಖಾಜಾಹುಸೇನ ಇಲ್ಲ. ನನ್ನ ಹುದ್ದೆಯಲ್ಲಿ ದೇವಮ್ಮ ಇದ್ದಾಳೆ. ಪ್ರತಿ ಏಪ್ರಿಲಿಗೆ ಅವಳಿಗೆ ಕಾಗದ ಬರುತ್ತದೆ, ಶೋಧ ನಡೆದಿದೆ ಎಂದು ಅವಳೂ ಬರೆಯುತ್ತಾಳೆ. ಅವಳಿಗೆ ಇನ್ನೂ ಬಹಳ ವರ್ಷದ ಸರ್ವಿಸು ಇದೆ. ಮಡಿಕೆಯ ಕಾಗದ ನನ್ನ ಟ್ರಂಕಿನಲ್ಲಿ, ಹಳೆಯ ಸೀರೆಯ ಕೆಳಗೆ, ಅವನು ಕೊಟ್ಟ ಹಾಗೆಯೇ ಇದೆ. ಮೂರು ಊರಿನ ಎಣ್ಣೆ ಕಾಗದ ಬಿಡದೆ ಓದಿದವಳು ನಾನು, ಇದೊಂದನ್ನು ಬಿಚ್ಚಿಲ್ಲ. ಅದು ಆ ಹಾಳೆಯೇ ಎಂದು ನನಗೆ ಹೇಳಿದ್ದು ಇಂಗ್ಲಿಷು ಓದಲು ಬಾರದ ಒಬ್ಬ ಪೇಂಟರ್, ಅಷ್ಟೇ. ಓದಿದರೆ ಕಚೇರಿಗೆ ಬರೆಯಬೇಕಾಗುತ್ತದೆ.